ನೀಲಿ ಮಾರುತಿ ಕಂಡೆ

ನವೆಂಬರ್ ೧೨, ಬುಧವಾರ

ಇವತ್ತು ಹನ್ನೊಂದು ಕುರಿ ಸತ್ತವು.

ಬೆಳಗ್ಗೆ ಏಳೂಕಾಲಿಗೆ ಲಕ್ಷ್ಮಕ್ಕನ ಫೋನ್ ಬಂದಾಗ ನಾನಿನ್ನೂ ಚಳ್ಳಕೆರೆಯ ಮನೆಯಲ್ಲೇ ಇದ್ದೆ. ಮಗಳು ಕಾಂಚನಾಳ ಡಬ್ಬಿಗೆ ಚಿತ್ರಾನ್ನ ತುಂಬುತ್ತಿದ್ದೆ. "ಡಾಕ್ಟ್ರಮ್ಮ, ಬಿರ್ನೆ ಬರ್ರಿ, ಮಂದೆ ಮ್ಯಾಲೆ ಕಾರು ನುಗ್ಗೈತೆ" ಎಂದಷ್ಟೇ ಹೇಳಿ ಅಳತೊಡಗಿದರು. ದೊಡ್ಡಉಳ್ಳಾರ್ತಿಯ ಪಶು ಆಸ್ಪತ್ರೆಯಲ್ಲಿ ನಾನು ಡಾಕ್ಟರಲ್ಲ, ಜಾನುವಾರು ಪರೀಕ್ಷಕಿ. ಆರು ವರ್ಷದಿಂದ ಹೇಳುತ್ತಿದ್ದರೂ ಆ ಊರಿನವರು ಕೇಳುವುದಿಲ್ಲ.

ಕುರಿ ಮೇಯುವ ಕಾವಲಿನ ಪಕ್ಕದ ಹೊಸ ಡಾಂಬರು ರಸ್ತೆಯುದ್ದಕ್ಕೂ ಕುರಿಗಳು ಬಿದ್ದಿದ್ದವು. ಬದುಕಿದ್ದ ಕುರಿಗಳು ಓಡಿಹೋಗದೆ ಸತ್ತವುಗಳ ಪಕ್ಕದಲ್ಲೇ ನಿಂತಿದ್ದವು. ಲಕ್ಷ್ಮಕ್ಕನ ಗಂಡ ದೊಡ್ಡಪಾಲಯ್ಯನವರನ್ನು ಯಾರದೋ ಟ್ರಾಕ್ಟರಿಗೆ ಎತ್ತಿ ಹಾಕುತ್ತಿದ್ದರು. ಬಲತೊಡೆಯ ಮೂಳೆ ಮುರಿದಿತ್ತು. ನನ್ನ ಕೈ ಹಿಡಿದು, "ಕರೇ ಕಾರು ಕಣವ್ವ. ಪಟಾಕಿ ಹೊಡ್ದಂಗೆ ಸದ್ದು ಮಾಡ್ಕಂಡು ಬಂತು. ನಿಲ್ಲಿಸ್ಲೇ ಇಲ್ಲ" ಎಂದರು. ನಂಬರ್ ನೋಡಿದವರು ಯಾರೂ ಇಲ್ಲ.

ನಾಲ್ಕು ಕುರಿಗೆ ಹೊಲಿಗೆ ಹಾಕಿದೆ. ಎರಡನ್ನು ನನ್ನ ಕಾರಿನ ಹಿಂದಿನ ಸೀಟಿನಲ್ಲೇ ಆಸ್ಪತ್ರೆಗೆ ಸಾಗಿಸಿದೆ. ಸಂಜೆ ಎರಡು ಸಲ ತೊಳೆದರೂ ಸೀಟಿನ ರಕ್ತದ ಕಲೆ ಹೋಗಲಿಲ್ಲ. ಎರಡು ವರ್ಷದಿಂದ ಮುಟ್ಟದ ಈ ಪುಸ್ತಕ ತೆಗೆದಿದ್ದು ಅದಕ್ಕೇ.

ನವೆಂಬರ್ ೧೩, ಗುರುವಾರ

ನಾನು ಮಾಡಿದ್ದು ಸರಿಯೋ ತಪ್ಪೋ, ಬರೆದು ನೋಡುತ್ತೇನೆ.

ಅಪ್ಪ ತೀರಿಕೊಂಡ ಮೇಲೆ ಅವರ ಎಂಬತ್ತಾರರ ನೀಲಿ ಮಾರುತಿ ಅಂಗಳದಲ್ಲಿ ತುಕ್ಕು ಹಿಡಿಯುತ್ತಿತ್ತು. ಗುಜರಿಗೆ ಹಾಕಿ ಎಂದು ಊರಿನ ಮೆಕ್ಯಾನಿಕ್‌ಗಳೆಲ್ಲ ಹೇಳಿದ್ದರು. ಆಗ ಫೇಸ್‌ಬುಕ್ಕಿನಲ್ಲಿ ನಮ್ಮೂರಿನ ಎಣ್ಣೆ ಮಿಲ್ಲಿನ ಜಂಬುಲಿಂಗಪ್ಪನವರು 'ಹಳೇ ಗಾಡಿ ಬಳಗ' ಎಂಬ ಗುಂಪು ಶುರು ಮಾಡಿದ್ದರು. ನಲವತ್ತು ಜನ. ನಾನು ಹೆಸರು ಹಾಕದೆ 'ನೀಲಿ ಮಾರುತಿ' ಎಂದು ಸೇರಿಕೊಂಡು, ಕಾರ್ಬ್ಯುರೇಟರ್ ಬಿಚ್ಚುವುದು ಹೇಗೆ ಎಂದು ಕೇಳಿದೆ. ಜಂಬುಲಿಂಗಪ್ಪನವರು ಒಂದು ವಾರ ದಿನಕ್ಕೊಂದು ಚಿತ್ರ ಬಿಡಿಸಿ ಕಳಿಸಿದರು. ಎಂಟನೆಯ ದಿನ ಗಾಡಿ ಕೆಮ್ಮಿ ಎದ್ದಿತು. ಆಮೇಲೆ ಬೇರೆಯವರು ಕೇಳಿದ್ದಕ್ಕೆ ನಾನೂ ಉತ್ತರ ಬರೆಯತೊಡಗಿದೆ. ಎಲ್ಲರೂ ನನ್ನನ್ನು 'ಅಣ್ಣ' ಎನ್ನುತ್ತಿದ್ದರು. ತಿದ್ದಲಿಲ್ಲ. ಇಷ್ಟವಾಗುತ್ತಿತ್ತು.

ಬಳಗದಲ್ಲಿ ಒಂದು ಪದ್ಧತಿ ಇತ್ತು. ದಾರಿಯಲ್ಲಿ ಯಾರದಾದರೂ ಗಾಡಿ ಕಂಡರೆ ಫೋಟೊ ತೆಗೆದು ಹಾಕುವುದು. 'ನೀಲಿ ಮಾರುತಿ ಕಂಡೆ, ಪರಶುರಾಂಪುರದಲ್ಲಿ, ಚಹಾ ಅಂಗಡಿ ಮುಂದೆ.' ಅಂಥದೊಂದು ಕಂಡ ದಿನ ನನಗೆ ಹಬ್ಬ.

ಜಂಬುಲಿಂಗಪ್ಪನವರ ಕಣ್ಣು ಮಂಜಾದ ಮೇಲೆ ಬಳಗ ಬೇರೆಯವರ ಕೈಗೆ ಹೋಯಿತು. ಹೆಸರು 'ರೋಡ್ ಕಿಂಗ್ಸ್' ಆಯಿತು. ಈಗ ಹದಿನೆಂಟು ಸಾವಿರ ಜನ. ರಿಪೇರಿ ಯಾರಿಗೂ ಬೇಡ. ಸೈಲೆನ್ಸರ್ ಕತ್ತರಿಸಿದ ಸದ್ದು, ಸ್ಪೀಡೋಮೀಟರಿನ ಮುಳ್ಳು, ಹಿಂದೆ ಬಿದ್ದವರಿಗೆ ಬೈಗುಳ. ಆದರೂ ದಿನಾ ನೋಡುತ್ತಿದ್ದೆ. ನನ್ನ ಕಾರಿನ ಮಾತನ್ನು ಬೇರೆ ಎಲ್ಲಿ ಆಡಲಿ?

ಇವತ್ತು ಮಧ್ಯಾಹ್ನ ಅದರಲ್ಲೊಂದು ವಿಡಿಯೊ ಬಂತು. ಹಾಕಿದವನ ಹೆಸರು 'ಘೋಸ್ಟ್'. ಕಾರಿನೊಳಗಿಂದ ತೆಗೆದದ್ದು, ಮೂಲೆಯಲ್ಲಿ ನಿನ್ನೆ ಬೆಳಗಿನ ತಾರೀಕು, ಹೊತ್ತು ಇದೆ. ಮುಳ್ಳು ನೂರ ಅರವತ್ತು ದಾಟುತ್ತದೆ. ಎಡಕ್ಕೆ ಕಾವಲಿನಲ್ಲಿ ಎದ್ದಿರುವ ಹೊಸ ಸಂಶೋಧನಾ ಕ್ಯಾಂಪಸ್ಸಿನ ಉದ್ದನೆಯ ಗೋಡೆ, ಆಮೇಲೆ ನಮ್ಮ ಆಸ್ಪತ್ರೆಯ ಬೋರ್ಡು. ಕೊನೆಯಲ್ಲಿ ರಸ್ತೆಯಂಚಿಗೆ ಏನೋ ಬೆಳ್ಳಗೆ ಕಾಣುತ್ತದೆ, ಅಲ್ಲಿಗೆ ವಿಡಿಯೊ ಮುಗಿಯುತ್ತದೆ. ಆ ಬೆಳ್ಳನೆಯದು ಏನೆಂದು ನನಗೆ ಗೊತ್ತು.

ವಿಡಿಯೊ ಉಳಿಸಿಕೊಂಡು ಕೆಳಗೆ ಬರೆದೆ: "ಇದು ದೊಡ್ಡಉಳ್ಳಾರ್ತಿ ರಸ್ತೆ. ನಿನ್ನೆ ಬೆಳಗ್ಗೆ ಇಲ್ಲಿ ಹನ್ನೊಂದು ಕುರಿ ಸತ್ತಿವೆ. ಒಬ್ಬರ ಕಾಲು ಮುರಿದಿದೆ. ಓಡಿಸಿದವರು ಯಾರು?"

ಹತ್ತು ನಿಮಿಷದಲ್ಲಿ ವಿಡಿಯೊ ಮಾಯವಾಯಿತು. ನನ್ನ ಪ್ರಶ್ನೆಯ ಫೋಟೊ ಮಾತ್ರ ಎಲ್ಲ ಕಡೆ ಓಡಾಡುತ್ತಿದೆ.

ನವೆಂಬರ್ ೧೪, ಶುಕ್ರವಾರ

ನಾನ್ನೂರ ಹನ್ನೆರಡು ಉತ್ತರ. ಪೂರ್ತಿ ಓದಿದೆ. ಓದಬಾರದಿತ್ತು.

"ಕುರಿ ಕಾಯೋನು ರೋಡಲ್ಲಿ ಯಾಕಿದ್ದ?" "ಈ ನೀಲಿ ಯಾವನು? ಪೊಲೀಸ್ ಏಜೆಂಟಾ?" ಒಬ್ಬ ಹತ್ತು ವರ್ಷ ಹಿಂದಕ್ಕೆ ಹೋಗಿ ನನ್ನ ಹಳೆಯ ಫೋಟೊಗಳನ್ನೆಲ್ಲ ಕೆದಕಿದ್ದಾನೆ. ನಮ್ಮ ಬೀದಿ, ಆಸ್ಪತ್ರೆಯ ಮುಂದೆ ನಿಂತ ಕಾರು, ಬಾನೆಟ್ ಮೇಲೆ ಕೂತು ಐಸ್‌ಕ್ಯಾಂಡಿ ತಿನ್ನುತ್ತಿರುವ ನಾಲ್ಕು ವರ್ಷದ ಕಾಂಚನಾ. ಖುಷಿಗೆಂದು ನಾನೇ ಹಾಕಿದ್ದವು. ಒಂದರ ಕಿಟಕಿ ಗಾಜಿನಲ್ಲಿ ಫೋನ್ ಹಿಡಿದ ನನ್ನ ಸೀರೆಯ ನೆರಳು ಬಿದ್ದಿದೆ. ಅದನ್ನು ದೊಡ್ಡದು ಮಾಡಿ, "ಅಣ್ಣ ಅಲ್ಲ, ಆಂಟಿ!" ಎಂದು ಹಾಕಿದ್ದಾರೆ. ಆಮೇಲೆ ಬಂದ ಮಾತುಗಳನ್ನು ಈ ಪುಸ್ತಕದಲ್ಲೂ ಬರೆಯಲಾರೆ.

ಸಂಜೆ ಜಂಬುಲಿಂಗಪ್ಪನವರು ಫೋನ್ ಮಾಡಿದ್ದರು. ಅವರಿಗೊಬ್ಬರಿಗೇ ನಾನು ಯಾರೆಂದು ಮೊದಲಿಂದ ಗೊತ್ತು. "ಸೌಂದರ್ಯಮ್ಮ, ಕ್ಷಮಾಪಣೆ ಅಂತ ಒಂದ್ ಸಾಲು ಬರ್ದು ಸುಮ್ಕಿದ್ ಬಿಡ್ರಿ. ಅವ್ರೆಲ್ಲ ಈಗ ನನ್ ಮಾತ್ ಕೇಳೋರಲ್ಲ."

"ನೀವೇ ಕಟ್ಟಿದ್ ಬಳಗ ಅಲ್ವೇನ್ರಿ?"

"ಹೌದಮ್ಮ. ನೋಡಿದ್ರೆ ನಂಗೇ ಹೆದ್ರಿಕೆ ಆಗ್ತೈತೆ."

ನವೆಂಬರ್ ೧೬, ಭಾನುವಾರ

'ನೀಲಿ ಮಾರುತಿ ಕಂಡೆ.' ಕೆಳಗೆ ನಮ್ಮ ಮನೆಯ ಗೇಟಿನ ಫೋಟೊ. ಇವತ್ತು ಬೆಳಗ್ಗೆ ತೆಗೆದದ್ದು. ನಾನು ಒಣಗಹಾಕಿದ ಬೆಡ್‌ಶೀಟು ಅದರಲ್ಲಿದೆ.

ನವೆಂಬರ್ ೧೭, ಸೋಮವಾರ

'ನೀಲಿ ಮಾರುತಿ ಕಂಡೆ. ಟ್ಯೂಷನ್ ಹತ್ರ. ಮಗಳು ದೊಡ್ಡೋಳಾಗಿದಾಳೆ.'

ನವೆಂಬರ್ ೧೯, ಬುಧವಾರ

ಕಾರಿಗೆ ಟಾರ್ಪಾಲು ಹೊದಿಸಿ ಹಿತ್ತಲಿಗೆ ತಳ್ಳಿದ್ದೇನೆ. ನಿನ್ನೆಯಿಂದ ಬಸ್ಸಿನಲ್ಲಿ ಓಡಾಟ. ಬಸ್ಸಿನಲ್ಲಿ ಯಾರಾದರೂ ಫೋನ್ ಎತ್ತಿದರೆ ಸೆರಗು ಮುಖಕ್ಕೆ ಬರುತ್ತದೆ. ಕಾಂಚನಾ ಟ್ಯೂಷನ್ ಬಿಟ್ಟಿದ್ದಾಳೆ. ಹೊಟ್ಟೆನೋವು ಎಂದು ನಾನೇ ಸುಳ್ಳು ಹೇಳಿಸಿದೆ.

ಓಬಳೇಶನಿಗೆ ಕೊನೆಗೂ ಹೇಳಿದೆ. ನನ್ನ ಗಂಡ ಬೆಂಗಳೂರಿನ ರೂಟಿನ ಬಸ್ ಡ್ರೈವರ್, ದಿನ ಬಿಟ್ಟು ದಿನ ಮನೆಗೆ ಬರುವವನು. ಉಣ್ಣುತ್ತಿದ್ದ ಮುದ್ದೆಯನ್ನು ಅರ್ಧಕ್ಕೇ ಬಿಟ್ಟು ಫೋಟೊಗಳನ್ನು ಒಂದೊಂದಾಗಿ ನೋಡಿದ.

"ಪೊಲೀಸ್ ಸ್ಟೇಷನ್‌ಗೆ ನಡಿ" ಎಂದ.

"ಬ್ಯಾಡ. ಇನ್ನೂ ಜಾಸ್ತಿ ಮಾಡ್ತಾರೆ."

"ಆ ವಿಡಿಯೊ ಇಟ್ಕಂಡು ಏನ್ ಮಾಡ್ತೀಯ ಮತ್ತೆ?"

ಅವನ ತಟ್ಟೆ ಎತ್ತಿಕೊಂಡು ಒಳಗೆ ಹೋದೆ. ಅವನು ಡ್ಯೂಟಿಗೆ ಹೋಗುವ ಮುಂಚೆ ಗೇಟಿಗೆ ಇನ್ನೊಂದು ಬೀಗ ಹಾಕಿ ಹೋದ.

ನವೆಂಬರ್ ೨೧, ಶುಕ್ರವಾರ

ಇವತ್ತು ಆ ವಿಡಿಯೊವನ್ನು ನಿಲ್ಲಿಸಿ ನಿಲ್ಲಿಸಿ ನೋಡಿದೆ. ಡ್ಯಾಶ್‌ಬೋರ್ಡಿನ ಮೇಲೆ ಒಂದು ಪಟ್ಟಿ ಇದೆ. ಕೆಂಪು ರೇಷ್ಮೆ, ಅದರ ಮೇಲೆ ಜರಿಯ ಹಕ್ಕಿಸಾಲು. ಸೀರೆಯ ಅಂಚು.

ಅದನ್ನು ನಾನು ಮೊದಲೇ ನೋಡಿದ್ದೇನೆ. ನಾಲ್ಕು ವರ್ಷದ ಹಿಂದೆ ಮೊಳಕಾಲ್ಮುರಿನ ಅಮರೇಶ್ ಎಂಬ ಹುಡುಗ ಬಳಗಕ್ಕೆ ಬಂದಿದ್ದ. ಡಿಪ್ಲೊಮಾ ಓದುತ್ತಿದ್ದ. ತೀರಿಹೋದ ಅಪ್ಪನ ಕಾರು ಶುರುವಾಗುತ್ತಿಲ್ಲ, ಅಮ್ಮ ಮಾರಿಬಿಡುತ್ತೇನೆ ಎನ್ನುತ್ತಿದ್ದಾಳೆ ಎಂದು ಬರೆದಿದ್ದ. ಥೇಟ್ ನನ್ನ ಕಥೆ. ಮೂರು ಭಾನುವಾರ ಕೂತು ಅವನಿಗೆ ಒಂದೊಂದೇ ಹೇಳಿಕೊಟ್ಟೆ. "ಸ್ಟಾರ್ಟ್ ಆಯ್ತು ಅಣ್ಣಾ!" ಎಂದು ಫೋಟೊ ಹಾಕಿದ. ಬಿರುಕು ಬಿಟ್ಟ ಡ್ಯಾಶ್‌ಬೋರ್ಡಿಗೆ ರೇಷ್ಮೆಯ ಪಟ್ಟಿ ಅಂಟಿಸಿದ್ದ. 'ಅಮ್ಮ ನೇಯ್ದಿದ್ದು.'

ಇದು ಆ ಕಾರಲ್ಲ. ಆದರೆ ಪಟ್ಟಿ ಅದೇ ಇದ್ದಂತಿದೆ. ಅಂಥ ಅಂಚು ಮೊಳಕಾಲ್ಮುರಿನಲ್ಲಿ ನೂರು ಮಗ್ಗದಲ್ಲಿ ನೇಯುತ್ತಾರೆ, ಅವನೇ ಇರಲಿಕ್ಕಿಲ್ಲ ಎಂದು ಹೇಳಿಕೊಂಡೆ. ದೇವರೇ, ಅವನಾಗದಿರಲಿ.

ನವೆಂಬರ್ ೨೩, ಭಾನುವಾರ

ಮೊಳಕಾಲ್ಮುರಿಗೆ ಹೋಗಿ ಬಂದೆ. ಎಂಥ ಧೈರ್ಯ ಎಂದು ಯಾರಾದರೂ ಅಂದಾರು. ಬಸ್ಸಿನಲ್ಲಿ ಎರಡು ಸಲ ಇಳಿದು ವಾಪಸು ಹೋಗಲು ಎದ್ದಿದ್ದೆ.

ಸೀರೆ ನೋಡಲು ಬಂದವಳಂತೆ ನೇಕಾರರ ಬೀದಿಯಲ್ಲಿ ಕೇಳುತ್ತಾ ಹೋದೆ. ಅಮರೇಶನ ತಾಯಿ ರಾಧಮ್ಮ ಮಗ್ಗದ ಗುಂಡಿಯಲ್ಲಿ ಕೂತಿದ್ದರು. "ರಾ ತಲ್ಲಿ, ಒಳಗ್ ಬಾ, ಕೂತ್ಕೋ" ಎಂದು ತೆಲುಗು ಬೆರೆಸಿ ಬಾಯ್ತುಂಬ ಕರೆದರು. ಮಗ್ಗದ ಮೇಲೆ ಅದೇ ಹಕ್ಕಿಸಾಲು ಇತ್ತು. ಚೆನ್ನಾಗಿದೆ ಎಂದೆ.

"ನಮ್ಮತ್ತೆ ಹಾಕ್ತಿದ್ದ ಡಿಸೈನು. ಈ ಬೀದೀಲಿ ನಾನೊಬ್ಬಳೇ ಉಳಿದಿರೋದು ಇದನ್ನ ನೇಯೋಕೆ" ಎಂದರು.

ನೂರು ಮಗ್ಗದ ಮಾತು ಅಲ್ಲಿಗೆ ಮುಗಿಯಿತು.

"ಮಕ್ಕಳು?" ಎಂದೆ.

"ಒಬ್ಬನೇ ಕೊಡುಕು. ಹತ್ತು ದಿನ ಆಯ್ತು, ಸರಿಯಾಗಿ ಅನ್ನ ತಿನ್ನಲ್ಲ. ಯಾವ ಹುಡುಗಿ ಏನಂದಳೋ ಏನೋ. ನಿನ್ನಂಥ ದೊಡ್ಡೋರು ಯಾರಾದ್ರೂ ಕೇಳಿದ್ರೆ ಹೇಳ್ತಾನೇನೋ."

ಪಕ್ಕದ ಸಂದಿಯಲ್ಲಿ ಕಾರೊಂದು ಟಾರ್ಪಾಲು ಹೊದ್ದು ನಿಂತಿತ್ತು. ಗಾಳಿಗೆ ಒಂದು ಮೂಲೆ ಎದ್ದಾಗ ಕಪ್ಪು ಬಣ್ಣ, ನಗ್ಗಿದ ಬಂಪರ್ ಕಂಡಿತು. ಹೆದರಿದ ನಾನು ಮುಚ್ಚಿಟ್ಟ ಹಾಗೆಯೇ ಅವನೂ ಮುಚ್ಚಿಟ್ಟಿದ್ದ. ಇನ್ನೊಮ್ಮೆ ಬರುತ್ತೇನೆ ಎಂದು ರಾಧಮ್ಮನಿಗೆ ಹೇಳಿ ಬಸ್‌ಸ್ಟ್ಯಾಂಡಿನವರೆಗೆ ಓಡಿದಂತೆ ನಡೆದೆ.

ನವೆಂಬರ್ ೨೫, ಮಂಗಳವಾರ

ದೊಡ್ಡಪಾಲಯ್ಯನವರನ್ನು ಸರ್ಕಾರಿ ದೊಡ್ಡಾಸ್ಪತ್ರೆಯಲ್ಲಿ ನೋಡಿದೆ. ತೊಡೆಗೆ ರಾಡು ಹಾಕಿದ್ದಾರೆ. ಗಾಯದ ಕುರಿಗಳ ಹೆಸರು ಹಿಡಿದು ಒಂದೊಂದನ್ನೂ ವಿಚಾರಿಸಿದರು. ಕರಿಮೂತಿ ಮೇಯುತ್ತಿದೆ ಎಂದೆ. ಬಿಳಿಗಿವಿಯ ಗಾಯ ಮಾಗಿತು, ಹೊಲಿಗೆ ಬಿಚ್ಚಿದೆ ಎಂದೆ. ನಕ್ಕರು.

ಹೊರಗೆ ಲಕ್ಷ್ಮಕ್ಕ ನನ್ನ ಜೊತೆ ಮೆಟ್ಟಿಲ ಮೇಲೆ ಕೂತರು. "ಪೊಲೀಸ್ರು ಬಂದಿದ್ರವ್ವ. ನಂಬರ್ ಇಲ್ದೆ ಯಂಗ್ ಹುಡುಕಾದು ಅಂದ್ರು. ಅವ್ನು ನಿಂತಿದ್ರೆ ಸಾಕಿತ್ತು. ಒಂದೀಟಾದ್ರೂ ನಿಂತು ನೋಡಿದ್ರೆ, ಹುಡ್ಗ, ಗೊತ್ತಾಗ್ಲಿಲ್ಲ ಅಂತಿದ್ವಿ. ಕುರಿ ಮ್ಯಾಲೆ ಹೋದಂಗೆ ನನ್ ಗಂಡನ ಮ್ಯಾಲೂ ಹೋದ್ನಲ್ಲ."

ನನ್ನ ಚೀಲದಲ್ಲಿ ಫೋನಿತ್ತು. ಫೋನಿನಲ್ಲಿ ವಿಡಿಯೊ ಇತ್ತು. ಬಾಯಿ ಬಿಡಲಿಲ್ಲ. ಲಕ್ಷ್ಮಕ್ಕ ತಮ್ಮ ಬುತ್ತಿಯ ರೊಟ್ಟಿಯಲ್ಲಿ ಅರ್ಧ ಮುರಿದು ಕೊಟ್ಟರು. ತಿಂದೆ.

ನವೆಂಬರ್ ೨೮, ಶುಕ್ರವಾರ

ಅವನು ಬಂದಿದ್ದ.

ಮಧ್ಯಾಹ್ನ, ಆಸ್ಪತ್ರೆಯಲ್ಲಿ ನಾನೊಬ್ಬಳೇ. ಜವಾನ ಊಟಕ್ಕೆ ಹೋಗಿದ್ದ. ಬಾಗಿಲಲ್ಲಿ ನೆರಳು ಬಿದ್ದಾಗ ಯಾರೋ ಮೇಕೆ ತಂದರು ಎಂದುಕೊಂಡೆ. ತೆಳ್ಳಗಿನ ಹುಡುಗ, ಹಣೆಯಲ್ಲಿ ಬೆವರು. ನೋಡಿದ ಕೂಡಲೇ ಗೊತ್ತಾಯಿತು. ಮೇಜಿನ ಈಚೆಗೇ ನಿಂತೆ. ಕೈಗೆ ಸಿಕ್ಕಿದ ಕತ್ತರಿ ಹಿಡಿದುಕೊಂಡೆ.

"ಸೀರೆ ನೋಡೋಕೆ ಬಂದಿದ್ದವರು ನೀವೇ ಅಲ್ವಾ? ನೀಲಿ ಮಾರುತಿ ಅಣ್ಣ..." ಎಂದವನು ನಿಂತ. "ಅಕ್ಕ. ನಾನು ಅಮರೇಶ್."

"ಏನ್ ಬೇಕು?"

"ಘೋಸ್ಟ್ ಅಂತ ಹಾಕಿದ್ದು ನಾನೇ, ಯಾರಿಗೂ ಏನೂ ಗೊತ್ತಾಗಲ್ಲ ಅಂತ ಹಾಕ್ಬಿಟ್ಟೆ. ಆ ವಿಡಿಯೊ ಡಿಲೀಟ್ ಮಾಡ್ರಿ ಅಕ್ಕ. ನೀವು ಇಟ್ಕೊಂಡಿರ್ತೀರ ಅಂತ ಗೊತ್ತು."

"ನಮ್ಮನೆ ಫೋಟೊ, ನನ್ ಮಗಳ ಟ್ಯೂಷನ್... ನೀನೇನಾ?"

"ಅಮ್ಮನಾಣೆ ನಾನಲ್ಲ. ಅವರು ಯಾರು ಅಂತ ನಂಗೂ ಗೊತ್ತಿಲ್ಲ. ಗ್ರೂಪಲ್ಲಿ ನಂಗೂ ಬರ್ತಾವೆ ಮೆಸೇಜು. ಬಾಯ್ ಬಿಟ್ಟು ಗ್ರೂಪಿನ ಹೆಸರು ಕೆಡಿಸಿದ್ರೆ ನಿನ್ನ ನೋಡ್ಕೋತೀವಿ ಅಂತ. ಅವರಲ್ಲಿ ಒಬ್ಬರ ಮುಖಾನೂ ನೋಡಿಲ್ಲ ನಾನು."

ನನಗೂ ಭಯ, ಅವನಿಗೂ ಭಯ, ನಡುವೆ ಒಂದು ಮೇಜು.

"ಕುರಿ ಕಾಣ್ಲಿಲ್ವೇನೋ ನಿಂಗೆ?"

"ಫೋನ್ ನೋಡ್ತಿದ್ದೆ ಅಕ್ಕ. ಮುಳ್ಳು ಸರಿಯಾಗಿ ಬರ್ತೈತಾ ಅಂತ."

"ಆ ಮುದುಕಪ್ಪ?"

"ಕನ್ನಡೀಲಿ ನೋಡ್ದೆ. ಕೈ ಎತ್ತಿದ್ರು. ಬದುಕವ್ರೆ ಅಂತ ಗೊತ್ತಾತು. ಅದಕ್ಕೇ... ಅದಕ್ಕೇ ನಿಲ್ಲಿಸ್ಲಿಲ್ಲ."

ಆಮೇಲೆ ಮತ್ತೆ "ಡಿಲೀಟ್ ಮಾಡ್ತೀರಾ?" ಎಂದು ಒಂದು ಹೆಜ್ಜೆ ಮುಂದೆ ಬಂದ. ಹೊಡೆಯಲು ಬಂದವನಲ್ಲ, ಕಾಲು ಹಿಡಿಯಲು ಬಂದವನೇನೋ. ಆದರೆ ನಾನು ಗೋಡೆಗೆ ಒರಗಿಬಿಟ್ಟೆ. "ಮಾಡ್ತೀನಿ, ಮಾಡ್ತೀನಿ, ಹೋಗು" ಎಂದೆ. ಕೈ ಮುಗಿದು ಹೋದ. ಬಾಗಿಲಿಗೆ ಚಿಲಕ ಹಾಕಿ ನೆಲದ ಮೇಲೆ ಕೂತೆ. ಯಾರೋ ಎಮ್ಮೆ ತಂದು ಬಾಗಿಲು ತಟ್ಟಿದಾಗಲೇ ಎದ್ದಿದ್ದು.

ಮಾಡುತ್ತೇನೆ ಎಂದೆ. ಇನ್ನೂ ಮಾಡಿಲ್ಲ.

ನವೆಂಬರ್ ೨೯, ಶನಿವಾರ

ಬೆಳಗ್ಗೆ ಹಿತ್ತಲಿಗೆ ಹೋಗಿ ಟಾರ್ಪಾಲು ಎಳೆದು ಹಾಕಿದೆ. ಬಸ್ಸಿಗೆ ಕಾದು ನಿಂತರೆ ಮನಸ್ಸು ಬದಲಾಗುತ್ತದೆ ಎಂದು ಗೊತ್ತಿತ್ತು. ಹನ್ನೊಂದು ದಿನ ನಿಂತಿದ್ದ ಮಾರುತಿ ಮೂರನೆಯ ಸಲಕ್ಕೆ ಎದ್ದಿತು. ದೊಡ್ಡಉಳ್ಳಾರ್ತಿಗೆ ಹೋಗಿ ಲಕ್ಷ್ಮಕ್ಕನ ಅಂಗಳದಲ್ಲಿ ನಿಲ್ಲಿಸಿ, ವಿಡಿಯೊ ತೋರಿಸಿದೆ. ಹದಿನಾರು ದಿನದಿಂದ ನನ್ನ ಹತ್ತಿರವೇ ಇತ್ತು ಎಂದೂ ಹೇಳಿದೆ.

ಬೈಯುತ್ತಾರೆ ಎಂದುಕೊಂಡಿದ್ದೆ. ಫೋನನ್ನು ನನ್ನ ಕೈಗೆ ವಾಪಸು ಕೊಟ್ಟು, "ಸೀರೆ ಬದಲಾಯಿಸ್ಕಂಡ್ ಬರ್ತೀನಿ, ತಡಿ" ಎಂದು ಒಳಗೆ ಹೋದರು.

ಚಳ್ಳಕೆರೆ ದಾರಿಯ ಅರ್ಧದಲ್ಲಿ ಕಪ್ಪು ಕಾರು ಹಿಂದೆ ಬಿತ್ತು. ಬಂಪರ್ ನಗ್ಗಿತ್ತು. ಆಸ್ಪತ್ರೆಯ ಹತ್ತಿರ ಕಾಯುತ್ತಿದ್ದನೇನೋ. ನಾನು ನಲವತ್ತರಲ್ಲಿ ಹೋದರೆ ಅವನೂ ನಲವತ್ತರಲ್ಲೇ. ಗುದ್ದುತ್ತಾನೆ, ಈಗ ಗುದ್ದುತ್ತಾನೆ ಎಂದು ಬೆನ್ನು ಸೆಟೆದುಕೊಂಡಿತ್ತು.

"ಯಾರವ್ವ ಅವ್ನು, ನಮ್ ಹಿಂದೇನೇ ಬತ್ತಾವ್ನೆ?" ಎಂದರು ಲಕ್ಷ್ಮಕ್ಕ.

"ಯಾರೋ. ಬಿಡ್ರಿ" ಎಂದೆ.

ಸ್ಟೇಷನ್ ಮುಂದೆ ನಿಲ್ಲಿಸಿದೆ. ಅವನೂ ಬೇವಿನ ಮರದ ಕೆಳಗೆ ನಿಲ್ಲಿಸಿದ. ಇಳಿಯಲಿಲ್ಲ. ನಾನು ಲಕ್ಷ್ಮಕ್ಕನ ತೋಳು ಹಿಡಿದುಕೊಂಡು ಒಳಗೆ ಹೋದೆ. ನಿಜ ಹೇಳಬೇಕೆಂದರೆ ಅವರೇ ನನ್ನನ್ನು ಹಿಡಿದುಕೊಂಡು ಹೋದರು.

ಸಬ್ ಇನ್‌ಸ್ಪೆಕ್ಟರ್ ವಿಡಿಯೊವನ್ನು ಮೂರು ಸಲ ನೋಡಿದರು. ನನ್ನ ಹೆಸರು, ಕೆಲಸ, ವಿಳಾಸ ಬರೆಸಿಕೊಂಡರು. ಮನೆಯ ಫೋಟೊಗಳ ವಿಷಯವನ್ನೂ ಹೇಳಿದೆ. ಅದಕ್ಕೆ ಬೇರೆ ದೂರು ಕೊಡಿ ಎಂದರು, ಕೊಟ್ಟೆ. ಆಮೇಲೆ ಪೆನ್ನು ಕೆಳಗಿಟ್ಟು, "ಓಡಿಸಿದ್ದು ಯಾರು ಅಂತ ನಿಮ್ಗೆ ಗೊತ್ತೇನಮ್ಮ?" ಎಂದರು.

ಗೊತ್ತು ಎನ್ನಲು ಬಾಯಿ ತೆರೆದೆ. ಹೆಸರು ಹೊರಡಲಿಲ್ಲ. ಮಗ್ಗದ ಗುಂಡಿಯಲ್ಲಿ ಕೂತ ರಾಧಮ್ಮ ಕಣ್ಣಮುಂದೆ ಬಂದರು. ನೀರು ಕೇಳಿದೆ. ಪೇದೆ ಲೋಟ ತರುವಷ್ಟರಲ್ಲಿ ಬಾಗಿಲಲ್ಲಿ ಅಮರೇಶ್ ನಿಂತಿದ್ದ.

"ನಾನೇ ಸರ್" ಎಂದ. ಕೀಲಿಕೈಯನ್ನು ಮೇಜಿನ ಮೇಲಿಟ್ಟ. ಅದು ಮೇಜಿನ ಗಾಜಿಗೆ ತಾಗಿ ಗಲಗಲ ಎಂದಿತು.

ಲಕ್ಷ್ಮಕ್ಕ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. "ಯಾರ್ ಮಗನಪ್ಪ ನೀನು?" ಎಂದು ಕೇಳಿದರು. ಅವನು ಗೋಡೆಯ ಕಡೆಗೆ ತಿರುಗಿ ಅತ್ತ.

"ನಿಮ್ಗೆ ಗೊತ್ತಿರೋನಾ?" ಎಂದು ಇನ್‌ಸ್ಪೆಕ್ಟರ್ ನನ್ನನ್ನು ಕೇಳಿದರು.

"ಹೌದು ಸರ್. ಇವನಿಗೆ ಗಾಡಿ ಕೆಲ್ಸ ಹೇಳ್ಕೊಟ್ಟೋಳು ನಾನೇ."

ಡಿಸೆಂಬರ್ ೭, ಭಾನುವಾರ

ಒಂದು ವಾರ ಬರೆಯಲು ಹೊತ್ತು ಸಿಗಲಿಲ್ಲ. ಕುರಿಗಳಿಗೆ ಲಸಿಕೆ ಹಾಕುವ ಕೆಲಸ, ನಾಲ್ಕು ಊರು. ಬಿಳಿಗಿವಿ ಎರಡು ಮರಿ ಹಾಕಿದೆ. ದೊಡ್ಡಪಾಲಯ್ಯನವರು ವಾಕರ್ ಹಿಡಿದು ವಾರ್ಡಿನ ಬಾಗಿಲವರೆಗೆ ನಡೆದರಂತೆ.

ಬಳಗದಿಂದ ನನ್ನನ್ನು ತೆಗೆದುಹಾಕಿದ್ದಾರೆ ಎಂದು ಕಾಂಚನಾ ಹೇಳಿದಳು. ಯಾವಾಗ ಎಂದೆ. ಸೋಮವಾರವೇ ಅಂತೆ. ಮನೆಯ ಫೋಟೊ ತೆಗೆದವರು ಯಾರೆಂದು ಇನ್ನೂ ಪತ್ತೆಯಾಗಿಲ್ಲ. ಬೀದಿಯಲ್ಲಿ ಗಾಡಿ ನಿಂತ ಸದ್ದಾದರೆ ಈಗಲೂ ಎದ್ದು ಕಿಟಕಿಯಲ್ಲಿ ಇಣುಕುತ್ತೇನೆ. ನಾಳೆಯಿಂದ ಕಾಂಚನಾಳನ್ನು ನಾನೇ ಟ್ಯೂಷನ್ನಿಗೆ ಬಿಟ್ಟು ಬರುತ್ತೇನೆ.

ಮಧ್ಯಾಹ್ನ ಗೊತ್ತಿಲ್ಲದ ನಂಬರಿನಿಂದ ಫೋನ್ ಬಂತು. ಅವರೇ ಇರಬೇಕೆಂದು ಹೆದರಿ ಎರಡು ಸಲ ಎತ್ತಲಿಲ್ಲ. ಮೂರನೆಯ ಸಲ ಎತ್ತಿದೆ.

ರಾಧಮ್ಮ. ಮಗ ಜಾಮೀನಿನ ಮೇಲೆ ಮನೆಗೆ ಬಂದಿದ್ದಾನೆ, ಅವನೇ ನಂಬರ್ ಕೊಟ್ಟ ಎಂದರು. ಶಪಿಸಲೆಂದೇ ಮಾಡಿದ್ದಾರೆ ಎಂದು ನಾನು ಉಸಿರು ಬಿಗಿಹಿಡಿದು ನಿಂತೆ. ಹಿಂದೆ ಯಾರದೋ ಮಗ್ಗದ ಸದ್ದು ಕೇಳುತ್ತಿತ್ತು.

"ನಮ್ಮನೆಗೆ ಬಂದು ಕೂತಿದ್ದೆಯಲ್ಲಮ್ಮ. ಅವತ್ತೇ ನಂಗ್ ಹೇಳ್ಬಹುದಾಗಿತ್ತು."

"ಹೆದರಿಕೆ ಆಯ್ತಮ್ಮ" ಎಂದೆ.

"ಒಂದ್ ಮಾತು ಕೇಳ್ತೀನಿ, ನಿಜಾ ಹೇಳು ತಲ್ಲಿ. ನೀನು ಆವತ್ತು ಸ್ಟೇಷನ್‌ಗೆ ಹೋಗ್ದೇ ಇದ್ದಿದ್ರೆ, ಅವನಾಗವನೇ ಹೋಗ್ತಿದ್ನಾ?"

ಅವನ ಕಾರು ನನ್ನ ಹಿಂದೆ ನಲವತ್ತರಲ್ಲಿ ಬಂದದ್ದು ನೆನಪಾಯಿತು. ನನ್ನನ್ನು ತಡೆಯಲು ಬಂದನೋ, ನನ್ನ ಹಿಂದೆ ಅಡಗಿಕೊಂಡು ಅಲ್ಲಿಯವರೆಗೆ ತಲುಪಲು ಬಂದನೋ, ಇವತ್ತಿಗೂ ನನಗೆ ತಿಳಿಯದು.

"ಹೋಗ್ತಿದ್ದ ಕಣಮ್ಮ" ಎಂದೆ. "ಹೋಗ್ತಿದ್ದ."

ಆ ಕಡೆ ರಾಧಮ್ಮ ಉಸಿರು ಬಿಟ್ಟರು.